1 ಲಕ್ಷ ಕಾರುಗಳ ಕೋಟಾ: ಯಾರಿಗೆ ಎಷ್ಟು ಅಂತ ಯಾರು ಹೇಳಬೇಕು?

ಕೆನಡಾದಿಂದ ಯುರೋಪಿಗೆ ಹೋಗುವ ಕಾರುಗಳಿಗೆ ಸುಂಕದಲ್ಲಿ ಒಂದು ವಿಶೇಷ ರಿಯಾಯಿತಿ ಇದೆ. ವರ್ಷಕ್ಕೆ 1 ಲಕ್ಷ ಕಾರುಗಳಿಗೆ ಮಾತ್ರ. ಕೆನಡಾ ಮತ್ತು ಯುರೋಪಿಯನ್ ಒಕ್ಕೂಟದ ನಡುವಿನ ವ್ಯಾಪಾರ ಒಪ್ಪಂದದಲ್ಲೇ, ಅಂದರೆ ಎಲ್ಲರೂ 'ಸೀಟಾ' ಅಂತ ಕರೆಯುವ ಒಪ್ಪಂದದಲ್ಲೇ, ಈ ಸಂಖ್ಯೆ ಬರೆದಿದೆ. ಅದು ಸಹಿಯಾಗಿದ್ದು 2016ರ ಅಕ್ಟೋಬರ್ 30ರಂದು. ತಾತ್ಕಾಲಿಕವಾಗಿ ಜಾರಿಗೆ ಬಂದದ್ದು 2017ರ ಸೆಪ್ಟೆಂಬರ್ 21ರಂದು.

ಸಂಖ್ಯೆಯೇನೋ ಗೊತ್ತಾಯಿತು. ಆದರೆ ಆ 1 ಲಕ್ಷದಲ್ಲಿ ಯಾವ ಕಂಪನಿಗೆ ಎಷ್ಟು? ಮೊದಲು ಬಂದವರಿಗೆ ಕೊಡಬೇಕಾ, ಹಳಬರಿಗೆ ಕೊಡಬೇಕಾ, ಎಲ್ಲರಿಗೂ ಸಮನಾಗಿ ಹಂಚಬೇಕಾ? ತಗೊಂಡು ಬಳಸದೆ ಇಟ್ಟುಕೊಂಡವರನ್ನು ಏನು ಮಾಡಬೇಕು? ಇದೆಲ್ಲ ರಫ್ತು ಪರ್ಮಿಟ್ ಕೊಡುವ ಕೆನಡಾ ಸರ್ಕಾರದ ಕೆಲಸ. ಆ ಕೆಲಸಕ್ಕೆ ನಿಯಮ ಮಾಡುವ ಮುಂಚೆ ಸಂಬಂಧಪಟ್ಟವರನ್ನು ಕೇಳುತ್ತಾರೆ. ಅದಕ್ಕೇ ಸಾರ್ವಜನಿಕ ಸಮಾಲೋಚನೆ ಅನ್ನುವುದು.

ಇಂಥ ಸಮಾಲೋಚನೆಯ ಪ್ರಕಟಣೆ ಓದಿದ ತುಂಬಾ ಜನ ಇದು ಬರೀ ಕಾಗದ ಪತ್ರದ ವಿಷಯ ಅಂದುಕೊಂಡು ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಕೋಟಾ ಎಷ್ಟು ಅನ್ನುವುದಕ್ಕೆ ಎಷ್ಟು ತೂಕ ಇದೆಯೋ, ಹೇಗೆ ಹಂಚುತ್ತಾರೆ ಅನ್ನುವುದಕ್ಕೂ ಅಷ್ಟೇ ತೂಕ ಇದೆ. ಯಾಕೆ ಅಂತ ಹೇಳಬೇಕಾದರೆ ಮೊದಲು ಈ ಕೋಟಾ ಯಾಕೆ ಹುಟ್ಟಿತು ಅಂತ ನೋಡಬೇಕು.

ಕೆನಡಾದ ಕಾರು ಎಷ್ಟರ ಮಟ್ಟಿಗೆ ಕೆನಡಾದ್ದು?

ಕೆನಡಾದ ಕಾರು ಉದ್ಯಮದ ಹೆಚ್ಚಿನ ಪಾಲು ಒಂಟಾರಿಯೋ ಪ್ರಾಂತ್ಯದ ದಕ್ಷಿಣ ಭಾಗದಲ್ಲಿದೆ. ವಿಂಡ್ಸರ್, ಆಲಿಸ್ಟನ್, ಕೇಂಬ್ರಿಜ್, ವುಡ್‌ಸ್ಟಾಕ್, ಓಷಾವಾ, ಓಕ್‌ವಿಲ್ ಇವೆಲ್ಲ ಕಾರು ಕಾರ್ಖಾನೆಗಳ ಊರುಗಳು. ವಿಂಡ್ಸರ್‌ನಿಂದ ನದಿ ದಾಟಿದರೆ ಆಚೆ ದಡದಲ್ಲೇ ಅಮೆರಿಕದ ಡೆಟ್ರಾಯಿಟ್. 1965ರಲ್ಲಿ ಎರಡೂ ದೇಶಗಳು ಆಟೋ ಪ್ಯಾಕ್ಟ್ ಅನ್ನುವ ಒಪ್ಪಂದ ಮಾಡಿಕೊಂಡವು. ಕಂಪನಿಗಳು ಕೆಲವು ಷರತ್ತು ಪಾಲಿಸಿದರೆ ಕಾರು ಮತ್ತು ಬಿಡಿಭಾಗ ಸುಂಕವಿಲ್ಲದೆ ಗಡಿ ದಾಟಬಹುದು ಅಂತಾಯಿತು. ಆಮೇಲೆ 1994ರಲ್ಲಿ ಮೆಕ್ಸಿಕೋ ಕೂಡ ಸೇರಿದ ನಾಫ್ಟಾ ಅನ್ನುವ ಮುಕ್ತ ವ್ಯಾಪಾರ ಒಪ್ಪಂದ ಬಂತು. 2020ರ ಜುಲೈ 1ರಿಂದ ಅದರ ಜಾಗದಲ್ಲಿ ಹೊಸ ಒಪ್ಪಂದ ಇದೆ.

ಇಷ್ಟು ವರ್ಷ ಹೀಗೆ ನಡೆದ ಮೇಲೆ ಏನಾಯಿತು? ಇಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಇನ್ನೊಂದು ಕಡೆ, ಸೀಟು ಮತ್ತೊಂದು ಕಡೆ ತಯಾರಾಗಿ, ಕೆಲವು ಭಾಗಗಳು ಗಡಿಯನ್ನು ಹಲವು ಸಲ ದಾಟಿ, ಕೊನೆಗೆ ಒಂಟಾರಿಯೋದಲ್ಲಿ ಜೋಡಣೆಯಾಗಿ ಕಾರು ಹೊರಗೆ ಬರುವ ವ್ಯವಸ್ಥೆ ಬೆಳೆಯಿತು. ಉತ್ತರ ಅಮೆರಿಕದ ಒಳಗೆ ಇದರಿಂದ ತೊಂದರೆ ಇಲ್ಲ. ಮೂರೂ ದೇಶಗಳ ಭಾಗಗಳನ್ನು ಒಟ್ಟಿಗೆ ಲೆಕ್ಕಕ್ಕೆ ತಗೊಳ್ಳುತ್ತಾರೆ.

ಯುರೋಪಿನ ಜೊತೆಗಿನ ಒಪ್ಪಂದ ಹಾಗಲ್ಲ. ಅದು ಇರುವುದು ಕೆನಡಾ ಮತ್ತು ಯುರೋಪಿಯನ್ ಒಕ್ಕೂಟದ ಮಧ್ಯೆ. ಅಮೆರಿಕದಲ್ಲಿ ತಯಾರಾದ ಇಂಜಿನ್ ಅಲ್ಲಿ ಹೊರಗಿನ ಮಾಲೇ. ಕಾರಿಗೆ 'ಕೆನಡಾದ್ದು' ಅನ್ನುವ ಮಾನ್ಯತೆ ಸಿಗಬೇಕಾದರೆ ಹೊರಗಿನ ಸಾಮಗ್ರಿಯ ಮೌಲ್ಯ ಕಾರಿನ ಬೆಲೆಯ ಶೇ. 50ನ್ನು ಮೀರಬಾರದು ಅಂತಿತ್ತು. ಇದು ಮೊದಲ ಏಳು ವರ್ಷದ ಮಾತು. ಅದಾದ ಮೇಲೆ ಮಿತಿ ಶೇ. 45ಕ್ಕೆ ಇಳಿದಿದೆ. ಇದಕ್ಕೆ ಮೂಲದ ನಿಯಮ ಅನ್ನುತ್ತಾರೆ. ಅಮೆರಿಕದ ಬಿಡಿಭಾಗ ತುಂಬಿರುವ ಒಂಟಾರಿಯೋದ ಕಾರಿಗೆ ಈ ಗೆರೆ ದಾಟುವುದು ಬಹಳ ಕಷ್ಟ.

ಒಪ್ಪಂದ ಮಾಡಿದವರಿಗೆ ಇದು ಗೊತ್ತಿತ್ತು. ಸುಮ್ನೆ ಸುಂಕ ತೆಗೆದುಹಾಕಿ, ಆ ಲಾಭ ಯಾವ ಕಾರಿಗೂ ಸಿಗದ ಹಾಗೆ ನಿಯಮ ಇಟ್ಟರೆ ಏನು ಪ್ರಯೋಜನ? ಹಾಗಾಗಿ ಒಂದು ಬದಲಿ ನಿಯಮ ಸೇರಿಸಿದರು. ಈ ನಿಯಮದಲ್ಲಿ ಹೊರಗಿನ ಸಾಮಗ್ರಿ ಬೆಲೆಯ ಶೇ. 70ರವರೆಗೆ ಇರಬಹುದು. ಬೆಲೆಯ ಬದಲು ನಿವ್ವಳ ವೆಚ್ಚದ ಮೇಲೆ, ಅಂದರೆ ಮಾರಾಟ, ಸಾಗಣೆಯಂಥ ಖರ್ಚು ಬಿಟ್ಟು ಉಳಿದ ವೆಚ್ಚದ ಮೇಲೆ, ಲೆಕ್ಕ ಹಾಕಿದರೆ ಶೇ. 80ರವರೆಗೆ. ಆದರೆ ಈ ಸಡಿಲಿಕೆ ಪ್ರಯಾಣಿಕ ಕಾರುಗಳಿಗೆ, ಅದೂ ವರ್ಷಕ್ಕೆ 1 ಲಕ್ಷದವರೆಗೆ ಮಾತ್ರ. ಇದೇ ಆ ಕೋಟಾ.

ಒಂದು ವಿಷಯ ಇಲ್ಲೇ ಸ್ಪಷ್ಟ ಮಾಡಿಕೊಳ್ಳೋಣ, ಯಾಕೆಂದರೆ ಗೊಂದಲ ಆಗುವುದು ಇಲ್ಲೇ. ಕೆನಡಾ ಯುರೋಪಿಗೆ 1 ಲಕ್ಷ ಕಾರು ಮಾತ್ರ ಕಳಿಸಬಹುದು ಅಂತ ಇದರ ಅರ್ಥ ಅಲ್ಲ. ಎಷ್ಟು ಬೇಕಾದರೂ ಕಳಿಸಬಹುದು. ಸಾಮಾನ್ಯ ನಿಯಮ ಪಾಲಿಸಿದ ಕಾರಿಗೆ ಕೋಟಾದ ಅಗತ್ಯವೇ ಇಲ್ಲ. ಎರಡೂ ನಿಯಮಕ್ಕೆ ಹೊಂದದ ಕಾರು ಯುರೋಪಿನ ಮಾಮೂಲಿ ಶೇ. 10 ಸುಂಕ ಕಟ್ಟಿ ಹೋಗುತ್ತದೆ. ಸಡಿಲ ನಿಯಮದ ಲಾಭ ಪಡೆದು ಹೋಗುವ ಕಾರುಗಳಿಗೆ ಮಾತ್ರ ಈ 1 ಲಕ್ಷದ ಮಿತಿ, ಮತ್ತು ಅವುಗಳಿಗೆ ಮಾತ್ರ ಈ ಪರ್ಮಿಟ್.

ಒಂದು ಪರ್ಮಿಟ್ಟಿನ ಬೆಲೆ

ಒಂದು ಕಾರಿನ ಲೆಕ್ಕ ಹಾಕಿ ನೋಡೋಣ. ಸಂಖ್ಯೆಗಳು ಉದಾಹರಣೆಗೆ ಮಾತ್ರ. ಕಾರ್ಖಾನೆಯಿಂದ ಹೊರಡುವಾಗ ಕಾರಿನ ಬೆಲೆ 40,000 ಕೆನಡಿಯನ್ ಡಾಲರ್ ಅಂತಿಟ್ಟುಕೊಳ್ಳಿ. ಅದರಲ್ಲಿ ಅಮೆರಿಕ, ಮೆಕ್ಸಿಕೋ, ಏಷ್ಯಾದಿಂದ ಬಂದ ಭಾಗಗಳ ಮೌಲ್ಯ 26,000 ಡಾಲರ್. ಅಂದರೆ ಶೇ. 65. ಸಾಮಾನ್ಯ ನಿಯಮದಲ್ಲಿ ಈ ಕಾರು ಫೇಲ್. ಬದಲಿ ನಿಯಮದಲ್ಲಿ ಪಾಸ್.

ಪರ್ಮಿಟ್ ಇದ್ದರೆ ಸುಂಕ ಸೊನ್ನೆ. ಒಪ್ಪಂದ ಬಂದ ಮೇಲೆ ಕಾರಿನ ಸುಂಕವನ್ನು ಏಳು ವರ್ಷಗಳಲ್ಲಿ ಹಂತ ಹಂತವಾಗಿ ಇಳಿಸಿ ಈಗ ಪೂರ್ತಿ ತೆಗೆದಿದ್ದಾರೆ. ಪರ್ಮಿಟ್ ಇಲ್ಲದಿದ್ದರೆ ಶೇ. 10, ಅಂದರೆ ಸುಮಾರು 4,000 ಡಾಲರ್. ಸಾಗಣೆ ಖರ್ಚೂ ಸೇರಿ ಸುಂಕ ಬೀಳುವುದರಿಂದ ಇನ್ನೂ ಸ್ವಲ್ಪ ಜಾಸ್ತಿಯೇ ಆಗಬಹುದು. ಅದೇ ಕಾರು, ಅದೇ ಹಡಗು, ಅದೇ ಗ್ರಾಹಕ. ವ್ಯತ್ಯಾಸ ಒಂದು ಪರ್ಮಿಟ್ಟಿನದು. 1 ಲಕ್ಷ ಕಾರುಗಳಿಗೆ ಲೆಕ್ಕ ಹಾಕಿದರೆ ವರ್ಷಕ್ಕೆ 40 ಕೋಟಿ ಡಾಲರ್. ಅಷ್ಟು ಮೌಲ್ಯದ ವಸ್ತುವನ್ನು ಸರ್ಕಾರ ಹಂಚುತ್ತಿದೆ. ಹಂಚುವ ನಿಯಮ ಬರೀ ಕಾಗದ ಪತ್ರದ ವಿಷಯ ಅಲ್ಲ ಅಂದಿದ್ದು ಇದಕ್ಕೇ.

ಹಾಗೆ ನೋಡಿದರೆ ಕಾರು ಕಂಪನಿಯೊಳಗೆ ಈ 4,000 ಡಾಲರ್ ಇನ್ನೂ ದೊಡ್ಡ ಕೆಲಸ ಮಾಡುತ್ತದೆ. ಯುರೋಪಿಗೆ ಯಾವ ಮಾಡೆಲ್ಲನ್ನು ಯಾವ ಕಾರ್ಖಾನೆಯಿಂದ ಕಳಿಸಬೇಕು ಅಂತ ಕಂಪನಿಗಳು ವರ್ಷಗಟ್ಟಲೆ ಮುಂಚೆ ತೀರ್ಮಾನ ಮಾಡುತ್ತವೆ. ಎಡ ಬಲ ಬದಲಾಗುವ ಸ್ಟೀರಿಂಗ್, ದೀಪಗಳ ನಿಯಮ, ಹೊಗೆಯ ನಿಯಮ ಎಲ್ಲದಕ್ಕೂ ಬೇರೆ ತಯಾರಿ ಬೇಕು. ಫೋರ್ಡ್ ಎಡ್ಜ್ ಕಾರನ್ನು ಓಕ್‌ವಿಲ್‌ನಲ್ಲಿ ತಯಾರಿಸಿ ಕೆಲವು ವರ್ಷ ಯುರೋಪಿನಲ್ಲಿ ಮಾರಿದ್ದರು. ಅಂಥ ಯೋಜನೆಗೆ ಹಣ ಹಾಕುವ ಮುಂಚೆ ಮ್ಯಾನೇಜರ್ ಒಬ್ಬರು ಕೇಳುವ ಪ್ರಶ್ನೆ: ಮೂರು ವರ್ಷದ ನಂತರವೂ ನಮಗೆ ಪರ್ಮಿಟ್ ಸಿಗುತ್ತದಾ? ಹಂಚುವ ನಿಯಮ ಸ್ಥಿರವಾಗಿದ್ದರೆ ಮಾತ್ರ ಇದಕ್ಕೆ ಹೌದು ಅನ್ನಬಹುದು.

ಇದು ಈಗ ಹೆಚ್ಚು ಮುಖ್ಯ. ಕೆನಡಾದ ಕಾರುಗಳಲ್ಲಿ ಬಹುಪಾಲು ಹೋಗುವುದು ಅಮೆರಿಕಕ್ಕೆ. 2025ರ ಏಪ್ರಿಲ್‌ನಲ್ಲಿ ಅಮೆರಿಕ ಆಮದು ಕಾರುಗಳ ಮೇಲೆ ಶೇ. 25 ಸುಂಕ ಹಾಕಿತು. ಕೆನಡಾದ ಕಾರುಗಳಲ್ಲಿ ಅಮೆರಿಕದ ಭಾಗಗಳ ಮೌಲ್ಯವನ್ನು ಕಳೆದು ಉಳಿದದ್ದಕ್ಕೆ ಸುಂಕ ಅಂತ ಸ್ವಲ್ಪ ಸಡಿಲಿಕೆ ಇದ್ದರೂ, ಒಂದೇ ಗಿರಾಕಿಯನ್ನು ನಂಬಿಕೊಂಡಿರುವುದು ಎಷ್ಟು ಅಪಾಯ ಅಂತ ಒಂಟಾರಿಯೋದ ಕಾರ್ಮಿಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹೀಗಿರುವಾಗ ಯುರೋಪಿನ ದಾರಿ ತೆರೆದಿಡುವ ಪ್ರತಿ ನಿಯಮವೂ ಲೆಕ್ಕಕ್ಕೆ ಬರುತ್ತದೆ.

ಹಂಚುವ ದಾರಿಗಳು

ಈಗ ಮುಖ್ಯ ವಿಷಯಕ್ಕೆ ಬರೋಣ. ಮೂರು ಕಂಪನಿಗಳಿವೆ ಅಂತಿಟ್ಟುಕೊಳ್ಳಿ. ಅ, ಆ, ಇ. ಈ ವರ್ಷ 'ಅ' ಗೆ 60,000 ಬೇಕು, 'ಆ' ಗೆ 30,000, ಹೊಸದಾಗಿ ಯುರೋಪಿಗೆ ಹೊರಟಿರುವ 'ಇ' ಗೆ 25,000. ಒಟ್ಟು 1,15,000. ಕೋಟಾ 1 ಲಕ್ಷ. 15,000 ಕಡಿಮೆ. ಯಾರಿಗೆ ಕಡಿಮೆ ಮಾಡುವುದು?

ಮೊದಲು ಬಂದವರಿಗೆ ಮೊದಲು ಅನ್ನುವುದು ಸರಳ. ಅರ್ಜಿ ಹಾಕಿ, ಪರ್ಮಿಟ್ ತಗೊಳ್ಳಿ, ಮುಗಿದಾಗ ಮುಗಿಯಿತು. ಕೋಟಾ ತುಂಬದೇ ಉಳಿಯುವ ವರ್ಷಗಳಲ್ಲಿ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಯಾರಿಗೂ ಕಡಿಮೆ ಆಗುವುದಿಲ್ಲ, ಗುಮಾಸ್ತರ ಕೆಲಸವೂ ಕಡಿಮೆ. ತೊಂದರೆ ಶುರುವಾಗುವುದು ಬೇಡಿಕೆ 1 ಲಕ್ಷ ಮುಟ್ಟುವ ವರ್ಷ. ಆಗ ಜನವರಿಯಲ್ಲೇ ಓಟ ಶುರು. 'ಅ' ಮತ್ತು 'ಆ' ವರ್ಷದ ಮೊದಲಲ್ಲೇ 90,000 ಕಳಿಸಿಬಿಟ್ಟರೆ, ಸೆಪ್ಟೆಂಬರ್‌ನಲ್ಲಿ ಹೊಸ ಮಾಡೆಲ್ ಬಿಡುವ 'ಇ' ಗೆ ಉಳಿಯುವುದು 10,000. ಮಾರುಕಟ್ಟೆಗೆ ಬೇಕಾದಾಗ ಕಳಿಸುವ ಬದಲು ಪರ್ಮಿಟ್ ಸಿಗುವಾಗ ಕಳಿಸುವ ಹಾಗಾಗುತ್ತದೆ. ಆ ಕಡೆ ಬಂದರಿನಲ್ಲಿ ಮಾರಾಟವಾಗದ ಕಾರುಗಳು ಸಾಲಾಗಿ ನಿಲ್ಲುತ್ತವೆ.

ಹಳೆಯ ದಾಖಲೆ ನೋಡಿ ಹಂಚುವುದು ಇನ್ನೊಂದು ದಾರಿ. ಹಿಂದಿನ ವರ್ಷಗಳಲ್ಲಿ 'ಅ' 70,000, 'ಆ' 30,000 ಕಳಿಸಿದ್ದರೆ ಅದೇ ಲೆಕ್ಕದಲ್ಲಿ ಪಾಲು. ಯೋಜನೆ ಮಾಡುವವರಿಗೆ ನೆಮ್ಮದಿ, ಮುಂದಿನ ವರ್ಷ ಎಷ್ಟು ಸಿಗುತ್ತದೆ ಅಂತ ಗೊತ್ತಿರುತ್ತದೆ. ಆದರೆ 'ಇ' ಗೆ ಸಿಗುವುದು ಸೊನ್ನೆ. 'ಅ' ಗೆ ಈ ವರ್ಷ ಬೇಕಿರುವುದು 60,000 ಮಾತ್ರ ಅಲ್ವಾ, ಉಳಿದ 10,000 ಅವರ ಹತ್ತಿರ ಸುಮ್ನೆ ಕೂತಿರುತ್ತದೆ. ನನಗೆ ಈ ದಾರಿಯ ಮೇಲೆ ಜಾಸ್ತಿ ಆಕ್ಷೇಪ ಇರುವುದು ಇದಕ್ಕೇ. ಹೊಸಬರು ಬರಲಿ ಅಂತ ಮಾಡಿದ ಒಪ್ಪಂದದ ಬಾಗಿಲನ್ನು ಹಂಚುವ ನಿಯಮವೇ ಮುಚ್ಚಿಬಿಡುತ್ತದೆ.

ಕೇಳಿದ್ದಕ್ಕೆ ತಕ್ಕ ಪ್ರಮಾಣದಲ್ಲಿ ಕೊಡುವುದು ನೋಡಲು ನ್ಯಾಯವಾಗಿದೆ. 1,15,000 ಕೇಳಿದಾರೆ, 1 ಲಕ್ಷ ಇದೆ, ಎಲ್ಲರಿಗೂ ಶೇ. 87ರಷ್ಟು. 'ಅ' ಗೆ 52,174, 'ಆ' ಗೆ 26,087, 'ಇ' ಗೆ 21,739. ಚೆನ್ನಾಗಿದೆ. ಆದರೆ ಮುಂದಿನ ವರ್ಷ 'ಅ' ಬುದ್ಧಿವಂತಿಕೆ ಮಾಡಿ 60,000 ಬೇಕಿದ್ದರೂ 90,000 ಅಂತ ಬರೆದರೆ? ಒಟ್ಟು ಬೇಡಿಕೆ 1,45,000 ಆಗುತ್ತದೆ. 'ಅ' ಗೆ 62,069 ಸಿಗುತ್ತದೆ, ಬೇಕಾದದ್ದಕ್ಕಿಂತ ಜಾಸ್ತಿ. ನಿಜ ಬರೆದ 'ಇ' ಪಾಲು 17,241ಕ್ಕೆ ಇಳಿಯುತ್ತದೆ. ನಿಜ ಹೇಳಿದವರಿಗೆ ನಷ್ಟ ಮಾಡುವ ನಿಯಮ ಅದು. ಹೆಚ್ಚು ಕೇಳಿ ಬಳಸದವರ ಮುಂದಿನ ವರ್ಷದ ಪಾಲನ್ನು ಕಡಿತ ಮಾಡುವ ಷರತ್ತು ಜೊತೆಗಿಲ್ಲದಿದ್ದರೆ ಇದು ನಿಲ್ಲುವುದಿಲ್ಲ.

ಸಮಪಾಲು ಮಾಡಿದರೆ ಮೂವರಿಗೂ 33,333. 'ಆ' ಮತ್ತು 'ಇ' ತಮಗೆ ಬೇಡದ್ದನ್ನು ಬಿಟ್ಟುಕೊಟ್ಟರೆ ಅದು 'ಅ' ಗೆ ಹೋಗಿ ಅವರಿಗೆ 45,000 ಆಗುತ್ತದೆ. ಚಿಕ್ಕವರಿಗೆ ಒಳ್ಳೆಯದು, ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಮಾಡುವವರಿಗೆ ಪೆಟ್ಟು. ಹರಾಜು ಕೂಡ ಒಂದು ದಾರಿಯೇ. ಆದರೆ ಸುಂಕದ ರೂಪದಲ್ಲಿ ಯುರೋಪಿಗೆ ಹೋಗಬೇಕಿದ್ದ ಹಣವನ್ನು ಹರಾಜಿನ ರೂಪದಲ್ಲಿ ಕೆನಡಾ ಸರ್ಕಾರವೇ ಕಿತ್ತುಕೊಂಡರೆ ರಫ್ತುದಾರರಿಗೆ ಒಪ್ಪಂದದಿಂದ ಏನು ಬಂತು?

ಹಂಚುವ ವಿಧಾನದ ಮೇಲೆ ದೇಶಗಳ ನಡುವೆಯೇ ಜಗಳ ಆಗಿದೆ. ಕೆನಡಾ ತನ್ನ ಹಾಲಿನ ಉತ್ಪನ್ನಗಳ ಆಮದು ಕೋಟಾದಲ್ಲಿ ದೊಡ್ಡ ಪಾಲನ್ನು ತನ್ನ ದೇಶದ ಸಂಸ್ಕರಣಾ ಕಂಪನಿಗಳಿಗೇ ಮೀಸಲಿಟ್ಟಿತ್ತು. ಅಮೆರಿಕ ದೂರು ಕೊಟ್ಟಿತು. 2022ರ ಜನವರಿಯಲ್ಲಿ ಪ್ರಕಟವಾದ ತೀರ್ಪಿನಲ್ಲಿ ಆ ಮೀಸಲು ಉತ್ತರ ಅಮೆರಿಕದ ಹೊಸ ಒಪ್ಪಂದಕ್ಕೆ ವಿರುದ್ಧ ಅಂತಾಯಿತು. 2023ರಲ್ಲಿ ನ್ಯೂಜಿಲೆಂಡ್ ಕೂಡ ಬೇರೆ ಒಪ್ಪಂದದ ಕೆಳಗೆ ಇದೇ ಥರದ ಪ್ರಕರಣದಲ್ಲಿ ಗೆದ್ದಿತು. ಕೋಟಾದ ಸಂಖ್ಯೆ ಯಾರೂ ಪ್ರಶ್ನಿಸಿರಲಿಲ್ಲ. ಜಗಳ ಪೂರ್ತಿ ಹಂಚಿಕೆಯ ಬಗ್ಗೆಯೇ.

ಜಪಾನ್ ಹಂಚಿದಾಗ ಏನಾಯಿತು

ಕಾರುಗಳ ರಫ್ತು ಕೋಟಾ ಹಂಚಿದ ಅತಿ ದೊಡ್ಡ ಉದಾಹರಣೆ ಜಪಾನ್. 1981ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು ತಾನೇ ರಫ್ತಿಗೆ ಮಿತಿ ಹಾಕಿಕೊಂಡಿತು. ವರ್ಷಕ್ಕೆ 16.8 ಲಕ್ಷ ಕಾರು. 1984ರಲ್ಲಿ 18.5 ಲಕ್ಷ, 1985ರಿಂದ 23 ಲಕ್ಷ. 1994ರಲ್ಲಿ ಇದು ಮುಗಿಯಿತು. ಅದು ಬೇರೆ ಥರದ ಕೋಟಾ, ಅಲ್ಲಿ ಮಿತಿ ಮೀರಿ ಕಳಿಸುವ ಹಾಗೇ ಇರಲಿಲ್ಲ. ಆದರೂ ಹಂಚಿಕೆಯ ಪಾಠ ಇಲ್ಲಿಗೂ ಹೊಂದುತ್ತದೆ.

ಜಪಾನಿನ ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಕಂಪನಿಗಳ ಹಳೆಯ ರಫ್ತಿನ ಲೆಕ್ಕ ಹಿಡಿದು ಪಾಲು ಹಾಕಿತು. ಆಗಲೇ ದೊಡ್ಡದಾಗಿದ್ದ ಟೊಯೋಟಾ, ನಿಸಾನ್ ದೊಡ್ಡ ಪಾಲು ಪಡೆದವು. ತಡವಾಗಿ ಅಮೆರಿಕಕ್ಕೆ ಹೋದ ಇಸುಜು, ಸುಜುಕಿಯಂಥವುಗಳಿಗೆ ಸಿಕ್ಕಿದ್ದು ಚೂರು. ಎಷ್ಟು ಕಾರು ಅನ್ನುವುದು ಗಟ್ಟಿಯಾದ ಮೇಲೆ ಕಂಪನಿಗಳು ಪ್ರತಿ ಕಾರಿನಿಂದ ಎಷ್ಟು ಹೆಚ್ಚು ಗಳಿಸಬಹುದು ಅಂತ ನೋಡಿದವು. ಅಗ್ಗದ ಕಾರಿನ ಬದಲು ದುಬಾರಿ ಕಾರು ಕಳಿಸಿದವು. 1986ರಲ್ಲಿ ಹೋಂಡಾದ ದುಬಾರಿ ಬ್ರ್ಯಾಂಡ್ ಅಕ್ಯುರಾ, 1989ರಲ್ಲಿ ಟೊಯೋಟಾದ ಲೆಕ್ಸಸ್ ಬಂದದ್ದರ ಹಿಂದೆ ಈ ಲೆಕ್ಕವೂ ಇತ್ತು. ಹೋಂಡಾ 1982ರಲ್ಲಿ ಅಮೆರಿಕದಲ್ಲೇ, ಓಹಾಯೋ ರಾಜ್ಯದ ಮೇರಿಸ್‌ವಿಲ್‌ನಲ್ಲಿ ಕಾರು ತಯಾರಿಕೆ ಶುರು ಮಾಡಿತು. ಅಲ್ಲಿ ತಯಾರಾದ ಕಾರಿಗೆ ಕೋಟಾ ಇಲ್ಲ.

ಅಂದರೆ ಎಣಿಕೆಯ ಮೇಲೆ ನಿಂತ ಕೋಟಾ ಯಾವ ಥರದ ಕಾರು ಹೋಗುತ್ತದೆ ಅನ್ನುವುದನ್ನೂ ಬದಲಾಯಿಸುತ್ತದೆ. ಕೆನಡಾದ ಈ ಕೋಟಾ ಕೂಡ ಎಣಿಕೆಯ ಮೇಲೆಯೇ ಇದೆ. 25,000 ಡಾಲರ್ ಕಾರಿಗೂ ಒಂದು ಎಣಿಕೆ, 80,000 ಡಾಲರ್ ಕಾರಿಗೂ ಒಂದೇ ಎಣಿಕೆ. ಸುಂಕ ಬೆಲೆಯ ಮೇಲೆ ಬೀಳುವುದರಿಂದ ದುಬಾರಿ ಕಾರಿಗೆ ಪರ್ಮಿಟ್ಟಿನ ಲಾಭ 8,000, ಅಗ್ಗದ ಕಾರಿಗೆ 2,500. ಕೋಟಾ ತುಂಬುವ ವರ್ಷ ಯಾವ ಕಾರಿಗೆ ಪರ್ಮಿಟ್ ಬಳಸುತ್ತಾರೆ ಅನ್ನುವುದು ಊಹಿಸಲು ಕಷ್ಟ ಇಲ್ಲ.

ಹಡಗು ತಡವಾದರೆ?

ಸಮಾಲೋಚನೆಯಲ್ಲಿ ಜನ ಗಮನ ಕೊಡದ, ಆದರೆ ಕೆಲಸದಲ್ಲಿ ಎಲ್ಲಕ್ಕಿಂತ ಕಾಡುವ ವಿಷಯ ತಾರೀಖುಗಳದ್ದು. ಒಂಟಾರಿಯೋದಿಂದ ಕಾರುಗಳು ರೈಲಿನಲ್ಲಿ ಅಟ್ಲಾಂಟಿಕ್ ತೀರದ ಹ್ಯಾಲಿಫ್ಯಾಕ್ಸ್ ಹತ್ತಿರದ ಆಟೋಪೋರ್ಟ್‌ನಂಥ ಜಾಗಕ್ಕೆ ಬಂದು, ಅಲ್ಲಿ ಕಾಯ್ದು, ಕಾರುಗಳನ್ನು ಓಡಿಸಿಕೊಂಡೇ ಒಳಗೆ ತುಂಬುವ ಹಡಗು ಹತ್ತುತ್ತವೆ. ಡಿಸೆಂಬರ್‌ನಲ್ಲಿ ಬಿರುಗಾಳಿ ಬಂತು, ಹಡಗು ಒಂದು ವಾರ ತಡವಾಯಿತು. ಪರ್ಮಿಟ್ ಈ ವರ್ಷದ್ದು, ಕಾರು ಯುರೋಪಿನ ಬಂದರು ಮುಟ್ಟುವುದು ಮುಂದಿನ ವರ್ಷ. ಇದನ್ನು ಯಾವ ವರ್ಷದ ಲೆಕ್ಕಕ್ಕೆ ಹಾಕುವುದು? ಹೊರಟ ದಿನವಾ, ಮುಟ್ಟಿದ ದಿನವಾ? ಪರ್ಮಿಟ್ ಎಷ್ಟು ದಿನ ಚಲಾವಣೆಯಲ್ಲಿರುತ್ತದೆ? ಹಡಗು ಬದಲಾದರೆ ತಿದ್ದುಪಡಿ ಮಾಡಬಹುದಾ, ಹೊಸ ಅರ್ಜಿ ಹಾಕಬೇಕಾ? ರಫ್ತು ವಿಭಾಗದಲ್ಲಿ ಕೂತು ದಿನವೂ ಇದನ್ನೇ ಮಾಡುವವರಿಗೆ ಈ ಪ್ರಶ್ನೆಗಳ ಉತ್ತರವೇ ಎಲ್ಲ.

ಅದಕ್ಕಿಂತ ದೊಡ್ಡದು ವಾಪಸ್ ಕೊಡುವ ತಾರೀಖು. ಪಾಲು ತಗೊಂಡವರು ತಮಗೆ ಬೇಡದ್ದನ್ನು ವರ್ಷದ ಮಧ್ಯೆ ಒಂದು ದಿನದೊಳಗೆ ವಾಪಸ್ ಕೊಡಬೇಕು, ಕೊಡದೆ ಕೂತರೆ ಮುಂದಿನ ವರ್ಷ ಪಾಲು ಕಡಿಮೆ ಅನ್ನುವ ನಿಯಮ ಬೇಕು. ಆ ದಿನ ಯಾವುದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ನವೆಂಬರ್‌ನಲ್ಲಿ ವಾಪಸ್ ಬಂದ 10,000 ಪರ್ಮಿಟ್ ಯಾರಿಗೆ ಬೇಕು? ಕಾರು ತಯಾರಿಸಿ, ರೈಲು ಹತ್ತಿಸಿ, ಹಡಗು ಹಿಡಿಯುವಷ್ಟು ಸಮಯ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಜುಲೈ ದಾಟಬಾರದು. ಹಾಗೆಯೇ, ಒಂದು ಭಾಗವನ್ನು, ದೊಡ್ಡದೇನೂ ಬೇಡ, ಹೊಸಬರಿಗೆ ಅಂತ ಜೂನ್‌ವರೆಗೆ ಎತ್ತಿಡಬೇಕು. ಯಾರೂ ಬರದಿದ್ದರೆ ಎಲ್ಲರಿಗೂ ಬಿಟ್ಟುಬಿಡಲಿ. ಕೋಟಾ ಸಡಿಲವಾಗಿರುವ ವರ್ಷ ಮೊದಲು ಬಂದವರಿಗೆ ಮೊದಲು ಇರಲಿ. ಅರ್ಜಿಗಳು ಒಂದು ಮಟ್ಟ ದಾಟಿದ ವರ್ಷ ಮಾತ್ರ ಪಾಲು ಹಾಕುವ ನಿಯಮ ತಾನಾಗಿ ಜಾರಿಗೆ ಬರಲಿ. ಜಗಳ ಶುರುವಾದ ಮೇಲೆ ನಿಯಮ ಮಾಡಲು ಕೂತರೆ ಆ ನಿಯಮವನ್ನು ಯಾರೂ ನಂಬುವುದಿಲ್ಲ, ಯಾಕೆಂದರೆ ಅಷ್ಟರಲ್ಲಿ ಯಾವ ಕಂಪನಿಗೆ ಯಾವ ನಿಯಮದಿಂದ ಲಾಭ ಅಂತ ಎಲ್ಲರಿಗೂ ಗೊತ್ತಾಗಿರುತ್ತದೆ.

ಅರ್ಜಿ ಯಾರು ಹಾಕಬಹುದು ಅನ್ನುವುದೂ ಮುಖ್ಯ ಪ್ರಶ್ನೆ. ಕೆನಡಾದ ರಫ್ತು ಮತ್ತು ಆಮದು ಪರ್ಮಿಟ್ ಕಾಯ್ದೆ 1947ರಷ್ಟು ಹಳೆಯದು. ಅದರ ಪ್ರಕಾರ ಕೆನಡಾದ ನಿವಾಸಿಗಳಿಗೆ ರಫ್ತು ಪರ್ಮಿಟ್ ಕೊಡುವ ಅಧಿಕಾರ ವಿದೇಶಾಂಗ ಸಚಿವರದ್ದು. ಹಾಗಾದರೆ ಕಾರು ತಯಾರಿಸುವ ಕಂಪನಿ ಮಾತ್ರವಾ, ಅಥವಾ ತಯಾರಕರಿಂದ ಕೊಂಡು ಕಳಿಸುವ ವ್ಯಾಪಾರಿಯೂ ಸೇರಬಹುದಾ? ತಯಾರಕರಿಗೆ ಮಾತ್ರ ಅಂದರೆ ಪರ್ಮಿಟ್ ಕೊಂಡು ಮಾರುವ ದಲ್ಲಾಳಿಗಳು ಹುಟ್ಟುವುದಿಲ್ಲ. ಹಾಗಂತ ಪೂರ್ತಿ ಮುಚ್ಚಿದರೆ ಚಿಕ್ಕ ಪ್ರಮಾಣದಲ್ಲಿ ವಿಶೇಷ ವಾಹನ ಮಾಡಿಸಿ ಕಳಿಸುವವರಿಗೆ ಜಾಗ ಇರುವುದಿಲ್ಲ. ತಯಾರಕರ ದೃಢೀಕರಣ ಪತ್ರ ತಂದರೆ ವ್ಯಾಪಾರಿಗೂ ಅವಕಾಶ, ಆದರೆ ಪರ್ಮಿಟ್ ಬೇರೆಯವರಿಗೆ ವರ್ಗಾವಣೆ ಮಾಡುವ ಹಾಗಿಲ್ಲ ಅಂತ ಇಟ್ಟರೆ ಸಾಕು ಅನಿಸುತ್ತದೆ.

ಬಿಡಿಭಾಗ ಮಾಡುವವರ ಮಾತೂ ಇಲ್ಲಿ ಬರಬೇಕು. ಶೇ. 51 ಹೊರಗಿನ ಸಾಮಗ್ರಿ ಇರುವ ಕಾರಿಗೂ, ಶೇ. 69 ಇರುವ ಕಾರಿಗೂ ಒಂದೇ ಪರ್ಮಿಟ್. ಮೊದಲನೆಯದರಲ್ಲಿ ಕೆನಡಾದ ಕೆಲಸಗಾರರ ಪಾಲು ತುಂಬಾ ಜಾಸ್ತಿ. ಪಾಲು ಹಾಕಬೇಕಾದ ವರ್ಷ, ಉಳಿದದ್ದೆಲ್ಲ ಸಮ ಇದ್ದರೆ ಕೆನಡಾದ ಅಂಶ ಹೆಚ್ಚಿರುವ ಕಾರಿಗೆ ಆದ್ಯತೆ ಕೊಡಬೇಕು ಅಂತ ಕೇಳುವುದು ನ್ಯಾಯವೇ. ಲೆಕ್ಕಪತ್ರದ ಹೊರೆ ಜಾಸ್ತಿಯಾಗುತ್ತದೆ ಅಂತ ಕಂಪನಿಗಳು ಹೇಳಬಹುದು. ಆದರೆ ಶೇ. 70ರ ಒಳಗಿದೆ ಅಂತ ತೋರಿಸಲು ಆ ಲೆಕ್ಕ ಹೇಗೂ ಮಾಡಲೇಬೇಕು ಅಲ್ವಾ.

ಉತ್ತರ ಬರೆಯುವವರಿಗೆ

ಇಂಥ ಸಮಾಲೋಚನೆಯನ್ನು ನಡೆಸುವುದು ಗ್ಲೋಬಲ್ ಅಫೇರ್ಸ್ ಕೆನಡಾ, ಅಂದರೆ ಅಲ್ಲಿನ ವಿದೇಶಾಂಗ ಇಲಾಖೆ. ಪ್ರಶ್ನೆಗಳನ್ನು ಪ್ರಕಟಿಸಿ, ಒಂದು ಗಡುವು ಕೊಟ್ಟು, ಬರಹದಲ್ಲಿ ಉತ್ತರ ಕೇಳುತ್ತಾರೆ. ತಯಾರಕರು, ಅವರ ಸಂಘಗಳು, ಬಿಡಿಭಾಗದ ಕಂಪನಿಗಳು, ಕಾರ್ಮಿಕ ಸಂಘಗಳು, ಸಾಗಣೆದಾರರು, ಪ್ರಾಂತೀಯ ಸರ್ಕಾರಗಳು, ಯಾರು ಬೇಕಾದರೂ ಬರೆಯಬಹುದು. ದೊಡ್ಡವರಿಗೆ ವಕೀಲರಿದ್ದಾರೆ, ಅವರು ಹೇಗೂ ಬರೆಯುತ್ತಾರೆ. ಚಿಕ್ಕವರು ಬರೆಯದಿದ್ದರೆ ಅಧಿಕಾರಿಯ ಮೇಜಿನ ಮೇಲೆ ಒಂದೇ ಕಡೆಯ ವಾದ ಇರುತ್ತದೆ.

ಬರೆಯುವಾಗ 1 ಲಕ್ಷ ಸಾಲದು ಅಂತ ಬರೆದು ಪುಟ ತುಂಬಿಸಬೇಡಿ. ಅದನ್ನು ಬದಲಾಯಿಸುವ ಅಧಿಕಾರ ಓದುವವರಿಗಿಲ್ಲ, ಅದಕ್ಕೆ ಯುರೋಪಿನ ಜೊತೆ ಮತ್ತೆ ಮಾತುಕತೆ ಆಗಬೇಕು. ಅಮೆರಿಕ ಮತ್ತು ಯುರೋಪಿಯನ್ ಒಕ್ಕೂಟ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ ಅಮೆರಿಕದ ಭಾಗಗಳನ್ನೂ ಲೆಕ್ಕಕ್ಕೆ ಸೇರಿಸುವ ದಾರಿಯನ್ನು ಸೀಟಾದಲ್ಲೇ ಯೋಚಿಸಿಟ್ಟಿದ್ದಾರೆ. 2013ರಲ್ಲಿ ಶುರುವಾದ ಆ ಮಾತುಕತೆ ದಡ ಸೇರಲಿಲ್ಲ. ಹಾಗಾಗಿ ಸದ್ಯಕ್ಕೆ ಇರುವುದು ಈ 1 ಲಕ್ಷವೇ.

'ನ್ಯಾಯವಾಗಿ ಹಂಚಿ' ಅಂತ ಬರೆದರೂ ಪ್ರಯೋಜನ ಇಲ್ಲ. ಎಲ್ಲರೂ ಅದನ್ನೇ ಬರೆಯುತ್ತಾರೆ. ನಿಮ್ಮ ಕೆಲಸದ ಲೆಕ್ಕ ಕೊಡಿ. ಯಾವ ತಿಂಗಳಲ್ಲಿ ಎಷ್ಟು ವಾಹನ ಕಳಿಸುತ್ತೀರಿ, ಆರ್ಡರ್ ಬಂದ ದಿನದಿಂದ ಹಡಗು ಹತ್ತುವವರೆಗೆ ಎಷ್ಟು ವಾರ ಬೇಕು, ಪರ್ಮಿಟ್ ಸಿಗದಿದ್ದರೆ ಆ ಆರ್ಡರ್ ಏನಾಗುತ್ತದೆ, ಮುಂದಿನ ಎರಡು ವರ್ಷದಲ್ಲಿ ಹೊಸ ಮಾಡೆಲ್ ಇದೆಯಾ. ವ್ಯಾಪಾರದ ಗುಟ್ಟು ಇದ್ದರೆ ಆ ಭಾಗದ ಮೇಲೆ ಗೋಪ್ಯ ಅಂತ ಬರೆದು, ಬಹಿರಂಗ ಮಾಡಬಹುದಾದ ಪ್ರತಿ ಬೇರೆ ಕಳಿಸಿ. ಪ್ರಶ್ನಾವಳಿಯಲ್ಲಿ ಕೇಳದೇ ಇದ್ದರೂ ಒಂದು ಬೇಡಿಕೆ ಸೇರಿಸಿ: ಕೋಟಾದಲ್ಲಿ ಎಷ್ಟು ಬಳಕೆಯಾಗಿದೆ ಅಂತ ಪ್ರತಿ ತಿಂಗಳು ಪ್ರಕಟಿಸಬೇಕು. ಉಳಿದಿರುವುದು 40,000 ಅಂತ ಗೊತ್ತಿದ್ದರೆ ಯಾರೂ ಗಾಬರಿಯಲ್ಲಿ ಓಡುವುದಿಲ್ಲ. 4,000 ಅಂತ ಗೊತ್ತಿದ್ದರೆ ಯಾರೂ ಸುಂಕದ ಲೆಕ್ಕ ತಪ್ಪಿ ಯುರೋಪಿನ ಗಿರಾಕಿಗೆ ಬೆಲೆ ಹೇಳುವುದಿಲ್ಲ.

ಗಡುವು ಮುಗಿದ ಮೇಲೆ ನೋಡಬೇಕಾದದ್ದು ರಫ್ತುದಾರರಿಗೆ ಅಂತ ಇಲಾಖೆ ಹೊರಡಿಸುವ ಸೂಚನೆ. ಅರ್ಹತೆ, ಹಂಚುವ ವಿಧಾನ, ವಾಪಸ್ ಕೊಡುವ ದಿನ, ಪರ್ಮಿಟ್ಟಿನ ಅವಧಿ ಎಲ್ಲ ಅದರಲ್ಲಿರಬೇಕು. ಅದನ್ನು ರಫ್ತು ವಿಭಾಗದವರು ಮಾತ್ರ ಓದಿದರೆ ಸಾಲದು, ಉತ್ಪಾದನೆಯ ಯೋಜನೆ ಮಾಡುವವರ ಕೈಗೂ ಅದೇ ದಿನ ತಲುಪಿಸಿ. ಯುರೋಪಿನ ಕಸ್ಟಮ್ಸ್‌ಗೆ ಕೊಡುವ ಮೂಲದ ಘೋಷಣೆಯಲ್ಲಿ ಈ ಸರಕು ಒಪ್ಪಂದದ ಅನುಬಂಧ 5-ಎ (ಈ ಕೋಟಾದ ನಿಯಮ ಇರುವ ಭಾಗ) ಪ್ರಕಾರದ್ದು ಅಂತ ಬರೆಯಬೇಕಾಗುತ್ತದೆ. ಪರ್ಮಿಟ್ ಕೈಯಲ್ಲಿದ್ದೂ ಆ ಒಂದು ಸಾಲು ಬಿಟ್ಟುಹೋದರೆ ಆ ಕಡೆ ಬಂದರಿನಲ್ಲಿ ಶೇ. 10 ಸುಂಕದ ಪ್ರಶ್ನೆ ಮತ್ತೆ ಏಳುತ್ತದೆ.